ಅರ್ಧ ಕೊಟ್ಟ ಮಾತು

ಬೂಟು ಮತ್ತೆ ಬಂತು, ಬಲಗಾಲಿನದು, ಹಿಮ್ಮಡಿ ಒಂದೇ ಕಡೆ ಸವೆದದ್ದು, ಹಲಗೆಯ ಮೇಲೆ ಊರಿದಾಗ ಸಂದಿಯಿಂದ ಎದ್ದ ಧೂಳು ನೇರ ಮೂಗಿಗೆ, ಜೂರಾಕನ್ ಸೀನನ್ನು ನುಂಗಿದಳು, ಸೀನು ನುಂಗುವುದರಲ್ಲಿ ಅವಳನ್ನು ಮೀರಿಸುವವರು ಈ ಬೆಟ್ಟಸೀಮೆಯಲ್ಲೇ ಇಲ್ಲ, ಸೀನು, ಕೆಮ್ಮು, ಆಕಳಿಕೆ, ನಗು, ನುಂಗಿ ನುಂಗಿಯೇ ಅಲ್ಲವೇ ಈ ಗೂಡಿನೊಳಗೆ ಮುದುಕಿಯಾದದ್ದು — ರಂಗದ ಅಂಚಿನಲ್ಲಿ ಕೊರೆದ ಒಂದು ತೂತು, ಜನರಿಗೆ ಕಾಣದಂತೆ ಮೇಲೊಂದು ಮರದ ಚಿಪ್ಪು, ಒಳಗೆ ಎದೆಮಟ್ಟ ನೆಲಕ್ಕಿಳಿದು ಕೂತು ನಟರ ಕಾಲು ನೋಡುತ್ತ, ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ, ಮಂಡಳಿಯ ನಟ ತೊಕೊನ್ ದಿನಾ ಅನ್ನುತ್ತಾನೆ, ಎಜೆ, ನಿಮ್ಗೆ ಮುಂದೆ ಗುಂಡಿ ತೋಡೋ ಕಷ್ಟ ಇಲ್ಲ ಬಿಡಿ, ಅರ್ಧ ಆಗ್ಲೇ ಇಳ್ದಿದ್ದೀರಿ, ಬಾಯಿತುಂಬ ಅಕ್ಕ ಎಂದು ಕರೆದು ಗೋರಿಯ ಮಾತಾಡುವುದು ಅವನ ಪ್ರೀತಿಯ ರೀತಿ, ಅವಳು ನಗುವನ್ನೂ ನುಂಗುತ್ತಾಳೆ. ಬೂಟು ಸೊರೊನ್‌ಕುಲನದು. ಎಪ್ಪತ್ತು ತುಂಬಿದ ಗಂಡಸು ಇಪ್ಪತ್ತರ ಹುಡುಗನಾಗಿ ಓಡಾಡುತ್ತಿದ್ದಾನೆ, ಹೊಟ್ಟೆಗೆ ಪಟ್ಟಿ ಬಿಗಿದು, ಮೀಸೆಗೆ ಮಸಿ ಬಳಿದು, ಇವತ್ತು ಅವನ ಹಬ್ಬ, ಹಗಲಾಟ, ಮುಂದಿನ ಸಾಲಿನಲ್ಲಿ ರಾಜಧಾನಿಯಿಂದ ಬಂದ ದೊಡ್ಡವರು, ಆಟ ಮುಗಿದ ಮೇಲೆ ಹೆಗಲಿಗೆ ನಿಲುವಂಗಿ, ತಲೆಗೆ ಉಣ್ಣೆಯ ಬಿಳಿ ಟೋಪಿ, ಬಿರುದು, ಎರಡು ಮೂಲೆಯಲ್ಲೂ ಕ್ಯಾಮೆರಾ — ನಾಳೆ ದೇಶವೆಲ್ಲ ನೋಡಲಿ ಅಂತ — ಅಲ್ಲಿ, ಅಲ್ಲಿ, ಮಾತು ನಿಂತುಹೋಯಿತು, ಬಾಯಿ ತೆರೆಯಿತು. ತಲೆ ಅಲ್ಲಾಡುವುದಿಲ್ಲ, ಕೈ ಇನ್ನೂ ಗಾಳಿಯಲ್ಲಿ ಠೀವಿಯಿಂದ ಚಾಚಿದೆ, ಕಣ್ಣು ಮಾತ್ರ ಕೆಳಗಿಳಿದು ಗೂಡನ್ನು ಹುಡುಕುತ್ತಿದೆ, ಮುಂದಿನ ನಾಲ್ಕು ಚಿನ್ನದ ಹಲ್ಲು, ಅವುಗಳ ಹಿಂದೆ ಕತ್ತಲು, ಹಕ್ಕಿಮರಿ ಗೂಡಿನಲ್ಲಿ ತೆರೆದು ಕೂತ ಹಾಗೆ, ಗೂಡಲ್ಲಿರುವವಳು ತಾನೇ ಆದರೂ ಮರಿ ಮಾತ್ರ ಮೇಲಿದೆ. ಗಾಳಿ, ಎಂದಳು ಅವಳು, ದನಿಯಿಲ್ಲದೆ, ಉಸಿರಿನಲ್ಲೇ. ಗಾಳಿಯೇ, ನನ್ನ ತಂದೆಯ ಕುದುರೆಯ ವಾಸನೆ ತಂದೆಯಾ, ಎಂದು ಸೊರೊನ್‌ಕುಲ್ ಗರ್ಜಿಸಿದ, ತಾನೇ ಆ ಕ್ಷಣ ಕಟ್ಟಿದ ಮಾತೆನ್ನುವಂತೆ, ಯಾರೋ ಚಪ್ಪಾಳೆ ತಟ್ಟಿದರು. ಮೊದಲ ತುಂಡು ಸಾಕು, ಉಳಿದದ್ದು ತಾನಾಗಿ ಬರುತ್ತದೆ, ಪೂರ್ತಿ ಕೊಟ್ಟರೆ ನಟ ಗಲಿಬಿಲಿಯಾಗುತ್ತಾನೆ, ಇದು ಈ ಕೆಲಸದ ಒಂದೇ ಒಂದು ಗುಟ್ಟು. ಈ ಅಂಕವೆಲ್ಲ ಅವಳು ಹೀಗೇ ಉಣಿಸುತ್ತಾಳೆ, ತುತ್ತು ತುತ್ತಾಗಿ, ಮುನಿಸಿಲ್ಲದೆ. ಕೊನೆಯ ಅಂಕದಲ್ಲಿ ಆ ಒಂದು ಪದದ ಹತ್ತಿರ ಬಂದಾಗ ಮಾತ್ರ ಕೊಡುವುದಿಲ್ಲ. ಬೆಳಿಗ್ಗೆ ಗೋಡೆಯ ಮೇಲಿನ ಭಿತ್ತಿಪತ್ರ ಓದುತ್ತ ನಿಂತಾಗಲೇ ತೀರ್ಮಾನವಾಗಿದೆ, ಕೊಡುವುದಿಲ್ಲ.

ನಾಟಕ ಹಳೆಯದು, ಈ ಸೀಮೆಯ ಕುರಿಗಾಹಿಗಳಿಗೂ ಬಾಯಿಪಾಠ, ಬರೆದವನು ಯಾರೆಂದು ಮಾತ್ರ ಯಾರೂ ಕೇಳುವುದಿಲ್ಲ: ಬೆಕ್ ಎನ್ನುವ ಪಾಳೆಗಾರ ಔತಣಕ್ಕೆ ಕರೆದು ಅತಿಥಿಯನ್ನೇ ಕೊಂದ, ಸತ್ತವನಿಗೆ ಇಬ್ಬರು ಮಕ್ಕಳು, ದೊಡ್ಡವನು ಕಾರಾಚ್, ಬೆಟ್ಟಕ್ಕೆ ಓಡಿ ಸೇಡನ್ನೇ ಉಂಡು ಬೆಳೆದ, ಚಿಕ್ಕವನು ಎಸೆನ್ ಆಗಿನ್ನೂ ಕೂಸು, ಕೊಂದವನ ಮನೆಯಲ್ಲಿ ಕೊಂದವನ ಉಪ್ಪು ತಿಂದು ಬೆಳೆದ, ಕಾರಾಚ್ ಕೂಗಾಡಿ, ಕತ್ತಿ ಬೀಸಿ, ಯಾವನನ್ನೋ ಬೆಕ್ ಎಂದುಕೊಂಡು ಕಡಿದು ತಾನೂ ಸಾಯುತ್ತಾನೆ, ಎಸೆನ್ ಕೊನೆಗೆ ಬೆಕ್‌ನ ಎದೆಯ ಮೇಲೆ ಮೊಣಕಾಲೂರಿ, ಗಂಟಲಿಗೆ ಚೂರಿ ಹಿಡಿದು, ಒಂದೇ ಒಂದು ಪದ ಹೇಳಿ ಚೂರಿ ಬಿಸಾಡುತ್ತಾನೆ. ಜನ ಬರುತ್ತಿದ್ದದ್ದು ಕಾರಾಚ್‌ಗಾಗಿ. ಸೊರೊನ್‌ಕುಲನ ಕಾರಾಚ್! ಎರಡನೆಯ ಅಂಕದಲ್ಲಿ ಅವನು ಕೆಕ್ ಎಂದು ಕೂಗಿದರೆ, ಸೇಡು, ಸೇಡು, ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಿದ್ದರು, ಬೀದಿಯಲ್ಲಿ ಮಕ್ಕಳು ಕೋಲು ಹಿಡಿದು ಕೆಕ್ ಕೆಕ್ ಎನ್ನುತ್ತ ಕೋಳಿ ಅಟ್ಟುತ್ತಿದ್ದವು, ಕೋಳಿಗಳಿಗೂ ಆ ಪದ ಗೊತ್ತಾಗಿಬಿಟ್ಟಿತ್ತು. ಎಸೆನ್ ಯಾರಿಗೆ ಬೇಕು, ಚೂರಿ ಬಿಸಾಡುವವನನ್ನು ನೋಡಲು ಯಾರು ಟಿಕೆಟ್ ಕೊಳ್ಳುತ್ತಾರೆ, ಅದಕ್ಕೇ ಆ ಪಾತ್ರ ಓಸ್ಮೊನಾಲಿಗೆ, ಅವಳ ಗಂಡನಿಗೆ, ಮೆತ್ತಗಿನ ದನಿಯವನು, ಹಲ್ಲುನೋವಿನವನು, ಆ ಪದವನ್ನು ಅವನು ಹೇಳುತ್ತಿದ್ದದ್ದು ಇನ್ನೊಂದು ಬಟ್ಟಲು ಚಹಾ ಬೇಡ ಅನ್ನುವ ಹಾಗೆ, ಕೆಚ್ತಿಮ್, ಬಿಟ್ಟೆ, ಅಷ್ಟೆ, ಜನರ ಎದೆಗಿಳಿಯಲು ಒಂದು ಗಳಿಗೆ ಹಿಡಿಯುತ್ತಿತ್ತು, ಆಮೇಲೆ ಹೆಂಗಸರ ಸಾಲಿನಲ್ಲಿ ಮೂಗೊರೆಸುವ ಸದ್ದು. ಕೆಕ್, ಕೆಚ್. ನಾಲಿಗೆ ಹಿಂದೆ ಗಂಟಲ ಹತ್ತಿರ ನಿಂತರೆ ಸೇಡು, ಒಂದು ಕೂದಲಷ್ಟು ಮುಂದೆ ಬಂದರೆ ಬಿಟ್ಟುಬಿಡು. ಮನೆಯಲ್ಲಿ ಅವನು ಅಭ್ಯಾಸ ಮಾಡುವಾಗ ಅವಳು ಹಿಟ್ಟು ನಾದುತ್ತ ಕೀಟಲೆ ಮಾಡುತ್ತಿದ್ದಳು, ಏನ್ರೀ, ಇಷ್ಟು ಮೆತ್ತಗೆ ಬಿಟ್ರೆ ಬೆಕ್‌ಗೆ ತಾನು ಉಳ್ಕೊಂಡಿದ್ದು ಗೊತ್ತಾಗೋದು ಹೇಗೆ, ಅವನು, ಬಿಡೋನು ಕೂಗಿ ಹೇಳಿದ್ರೆ ಅದು ಬಿಟ್ಟಂಗಲ್ಲ ಕಣೇ, ಹೊಳೆ ದಾಟೋವಾಗ ಯಾರಾದ್ರೂ ಕೂಗ್ತಾರಾ — ಕೆಚ್ ಅಂದರೆ ಅದೂ ಹೌದು, ನೀರಿಗೆ ಕಾಲಿಟ್ಟು ಹಾಯ್ದು ಹೋಗು, ಒಂದೇ ಪದ ಎರಡಕ್ಕೂ.

ಹೊಳೆ. ಮಂಜು ಕರಗುವ ಕಾಲದಲ್ಲಿ ಹೊಳೆಯನ್ನು ಬೆಳಿಗ್ಗೆ ದಾಟಬೇಕು, ಇದು ಎಳೆ ಮಗುವಿಗೂ ಗೊತ್ತು, ಮಧ್ಯಾಹ್ನ ಮೇಲಿನ ಹಿಮ ಬಿಸಿಲಿಗೆ ಇಳಿದುಬಂದು ನೀರು ಕುದುರೆಯ ಹೊಟ್ಟೆ ಮುಟ್ಟುತ್ತದೆ, ಕಲ್ಲುಗಳು ತಳದಲ್ಲಿ ಹೊರಳುವ ಸದ್ದು ದಡದವರೆಗೂ ಕೇಳುತ್ತದೆ, ದೊಡ್ಡ ದೇಶ ಇನ್ನೂ ಒಡೆದು ಚೂರಾಗದೆ ಇದ್ದ ಕಾಲ ಅದು, ಬೇಸಿಗೆಯ ಹುಲ್ಲುಗಾವಲಿನ ಕುರಿಗಾಹಿಗಳಿಗೆ ನಾಟಕ ತೋರಿಸಲು ಎರಡು ಲಾರಿಯಲ್ಲಿ ಹೊರಟಿದ್ದರು, ಮುಂದಿನದರಲ್ಲಿ ಗಂಡಸರು ಮತ್ತು ಬೆಕ್‌ನ ಅರಮನೆ, ಹಿಂದಿನದರಲ್ಲಿ ಹೆಂಗಸರು ಮತ್ತು ಬಟ್ಟೆಗಂಟು, ಅವಳು ಆಗ ನಟಿ, ಬೆಕ್‌ನ ಮಗಳ ಪಾತ್ರ, ಕೂದಲು ಮೊಣಕಾಲಿನವರೆಗೆ — ದಡದ ಮುಂಚೆ ನಿಲ್ಲಿಸಿ ಹುಳಿಹಿಡಿದ ಕುದುರೆಹಾಲು ಕುಡಿದರು, ಸೊರೊನ್‌ಕುಲ್ ಅದರ ಮೇಲೆ ಇನ್ನೇನೇನೋ ಕುಡಿದ, ಓಸ್ಮೊನಾಲಿ ಕೆನ್ನೆ ಹಿಡಿದುಕೊಂಡು ಸ್ಟಿಯರಿಂಗ್ ಹಿಂದೆ ಕೂತೇ ಇದ್ದ, ನೀರು ಏರಿದೆ, ಬೆಳಿಗ್ಗೆವರೆಗೂ ಇಲ್ಲೇ ಇರೋಣ ಅಂತಿದ್ದ, ಸೊರೊನ್‌ಕುಲ್ ಬಾಗಿಲು ತೆಗೆದು, ಸರಿ ಆಚೆ, ಮಾರಾಯ, ನಿಜವಾಗ್ಲೂ ಎಸೆನ್ ಆಗ್ಬಿಟ್ಯಲ್ಲೋ, ಕುರಿಗಳು ಮುದಿಯಾಗೋ ಹೊತ್ತಿಗೆ ನಮ್ಮ ನಾಟಕ ತಲುಪುತ್ತೆ, ಎಂದು ಅವನನ್ನು ಸೊಂಟದಿಂದ ತಳ್ಳಿ ತಾನು ಕೂತ, ಎಲ್ಲರೂ ನಕ್ಕರು, ಅವಳೂ ನಕ್ಕಳು. ಹಿಂದಿನ ಲಾರಿಯ ಗಾಜಿನಿಂದ ಕಂಡದ್ದು ಅಷ್ಟೆ: ಬಲಗಡೆ ಓಸ್ಮೊನಾಲಿಯ ಟೋಪಿ, ಎಡಗಡೆ, ಸ್ಟಿಯರಿಂಗ್ ಇರುವ ಕಡೆ, ಸೊರೊನ್‌ಕುಲನ ಬೋಳು ಕತ್ತು, ಲಾರಿ ನೀರಿಗಿಳಿಯಿತು, ನಡುಹೊಳೆಯಲ್ಲಿ ತಲೆ ತಿರುಗಿದವನ ಹಾಗೆ ಮೆಲ್ಲಗೆ ಬಲಕ್ಕೆ ಒರಗಿತು. ಬೆಕ್‌ನ ಅರಮನೆ ತೇಲಿಹೋಯಿತು, ಬಣ್ಣದ ಬಟ್ಟೆಯ ಗೋಪುರ ತಿರುವಿನವರೆಗೂ ಕಾಣುತ್ತಿತ್ತು, ನಗಬೇಕು ಅನ್ನಿಸಿತ್ತು, ಅದೇ ಅವಳಿಗೆ ಇವತ್ತಿಗೂ ಚುಚ್ಚುವುದು. ವಿಚಾರಣೆಗೆ ಬಂದವರಿಗೆ ಸೊರೊನ್‌ಕುಲ್ ಹೇಳಿದ, ಓಡಿಸ್ತಿದ್ದದ್ದು ಓಸ್ಮೊನಾಲಿ, ಪಾಪ, ಸ್ವಲ್ಪ ಕುಡಿದಿದ್ದ, ನಾನೆಷ್ಟು ಹೇಳಿದ್ರೂ ಕೇಳ್ಲಿಲ್ಲ. ಲಾರಿಯಲ್ಲಿದ್ದ ಉಳಿದ ಗಂಡಸರು ನೆಲ ನೋಡಿದರು. ಸತ್ತವನಿಗೆ ಜೈಲಿಲ್ಲವಲ್ಲ, ಬದುಕಿರುವವನಿಗೆ ಸಂಸಾರ ಇದೆಯಲ್ಲ, ಯಾರೂ ಬಾಯಿಬಿಟ್ಟು ಹೇಳದ ಲೆಕ್ಕ ಅದು.

ಅವಳನ್ನು ಯಾರೂ ಕೇಳಲಿಲ್ಲ, ಅವಳು ಗೋಡೆ ನೋಡುತ್ತ ಕೂತಿದ್ದಳು. ಗಂಡ ಸತ್ತವಳು ಉಣ್ಣೆಗುಡಾರದೊಳಗೆ ಬಂದವರಿಗೆ ಬೆನ್ನು ಮಾಡಿ, ಗುಡಾರದ ಜಾಲರಿಗೆ ಮುಖ ಮಾಡಿ ಕೂತು ಹಾಡಿ ಅಳಬೇಕು, ತಿರುಗಬಾರದು, ಯಾರು ಬಂದರೆಂದು ದನಿಯಿಂದಲೇ ತಿಳಿಯಬೇಕು, ಗಂಡಸರು ಹೊರಗಿನಿಂದಲೇ ಕೂಗಿ ಅಳುತ್ತ ಓಡಿಬರಬೇಕು, ಬೋರುಮ್, ಬೋರುಮ್, ನನ್ನ ಕರುಳೇ, ನನ್ನ ಒಡಹುಟ್ಟೇ — ದೂರದಿಂದ ಬಂತು ಆ ದನಿ, ಎಲ್ಲರ ದನಿಯನ್ನೂ ತುಳಿದುಕೊಂಡು, ಗುಡಾರದ ಕಂಬಳಿ ನಡುಗುವ ಹಾಗೆ, ಹೊರಗಿದ್ದವರೆಲ್ಲ ಹೊಸದಾಗಿ ಅಳಲು ಶುರುಮಾಡಿದರು, ಅವಳ ಬೆನ್ನು ಮಾತ್ರ ಗುರುತು ಹಿಡಿಯಿತು, ಇದು ಎರಡನೆಯ ಅಂಕ, ಕಾರಾಚ್ ಅಪ್ಪನ ಕುದುರೆ ಒಂಟಿಯಾಗಿ ಬಂದದ್ದನ್ನು ಕಂಡಾಗಿನದು, ಉಸಿರು ಎಲ್ಲಿ ಎಳೆಯುತ್ತಾನೆ, ಎಲ್ಲಿ ದನಿ ಒಡೆಯುತ್ತಾನೆ, ಎಲ್ಲ ಅದೇ, ಒಂದು ಅಳತೆ ಆಚೀಚೆ ಇಲ್ಲ. ಅವಳು ಹಾಡುತ್ತಿದ್ದಳು, ಹಾಡು ನಿಲ್ಲಿಸುವ ಹಾಗಿಲ್ಲ. ಅವನು ಒಳಗೆ ಬಂದು ಕೂತ, ಊಟ ಬಂತು, ಮಾಂಸದ ಮೂಳೆ ಬಡಿಸುವ ಸದ್ದು, ಅವನು ತಿಂದ, ಅವನು ತಿನ್ನುವುದೂ ಕೇಳಿಸಿತು. ಆಮೇಲೆ ಅವಳು ಅತ್ತೆಗೆ ಕಿವಿಯಲ್ಲಿ ಹೇಳಿದಳು, ಅಪಾ, ಓಡಿಸ್ತಿದ್ದದ್ದು ಇವನೇ, ನಾನು ನೋಡ್ದೆ. ಅತ್ತೆ ಹತ್ತಿ ಹಿಂಜುತ್ತಲೇ ಅಂದಳು, ನಮ್ಮ ಮನೆ ಬಾಗಿಲಲ್ಲಿ ಒಡಹುಟ್ಟೇ ಅಂತ ಅತ್ತವ್ನೆ, ನಮ್ಮ ಉಪ್ಪು ತಿಂದವ್ನೆ, ಇನ್ನೇನು ಮಾಡೋಕಾಗುತ್ತೆ ಮಗಾ, ಕೆಚ್. ಬಿಟ್ಟುಬಿಡು. ಸೊಸೆ ಹೂಂ ಎಂಬಂತೆ ತಲೆ ಅಲ್ಲಾಡಿಸಿದಳು, ಕೆಚ್ತಿಮ್ ಅನ್ನಲಿಲ್ಲ, ತಲೆ ಅಲ್ಲಾಡಿಸಿದ್ದು ಬಿಟ್ಟದ್ದಕ್ಕೆ ಸಮವೇ, ಎಂದು ಯಾವ ಮುಲ್ಲಾನನ್ನೂ ಕೇಳಿಲ್ಲ.

ಶಾಮೆನ್‌ಗೆ ಹೇಳಬಾರದಿತ್ತು, ಮೈದುನ, ಆಗಿನ್ನೂ ಮೀಸೆ ಚಿಗುರುತ್ತಿದ್ದವನು, ಹೇಳಿದ್ದು ಒಂದೇ ಸಲ, ರೊಟ್ಟಿ ಬಡಿಯುತ್ತ, ಅವನು ರೊಟ್ಟಿಯನ್ನೂ ತಿನ್ನದೆ ಎದ್ದುಹೋದ, ಮೇಕೆಯ ಕಳೇಬರಕ್ಕಾಗಿ ಕುದುರೆ ಮೇಲೆ ಕಿತ್ತಾಡುವ ಆಟದ ಬಯಲಿನಲ್ಲಿ ಸೊರೊನ್‌ಕುಲನನ್ನು ಹಿಡಿದು, ಕೈಗೆ ಸಿಕ್ಕ, ಕಾಲಿಡಲು ಜೀನಿಗೆ ತೂಗುವ ಕಬ್ಬಿಣದ ರಿಕಾಪಿನಿಂದ ಬಾಯಿಗೆ ಬೀಸಿದ, ನಾಲ್ಕು ಹಲ್ಲು ಹುಲ್ಲಿನಲ್ಲಿ ಬಿದ್ದವು, ಶಾಮೆನ್ ಜೈಲಿಗೆ ಹೋದ, ಸೊರೊನ್‌ಕುಲ್ ಚಿನ್ನದ ಹಲ್ಲು ಕಟ್ಟಿಸಿಕೊಂಡು ಮೊದಲಿಗಿಂತ ಸ್ಪಷ್ಟವಾಗಿ ಮಾತಾಡತೊಡಗಿದ, ವಿಮರ್ಶಕರೊಬ್ಬರು ಅವನ ಉಚ್ಚಾರದ ಪರಿಪಕ್ವತೆಯ ಬಗ್ಗೆ ಬರೆದರು. ಜೈಲಿನಿಂದ ಬಂದ ಶಾಮೆನ್‌ಗೆ ಕುರಿ ಕಡಿದು ಊಟ ಹಾಕಿದವನು ಸೊರೊನ್‌ಕುಲನೇ, ಹೊಡೆದದ್ದಾಯ್ತು, ತಿಂದದ್ದಾಯ್ತು, ಬಾ ತಮ್ಮಾ, ಶಾಮೆನ್ ಮೂಳೆ ಚೀಪುತ್ತ ಅತ್ತನಂತೆ, ಈಗ ಇಬ್ಬರೂ ಮೀನು ಹಿಡಿಯಲು ಜೊತೆಗೆ ಹೋಗುತ್ತಾರೆ, ಅದೇ ಹೊಳೆಗೆ. ಇವತ್ತು ಮೂರನೆಯ ಸಾಲಿನಲ್ಲಿ ಕೂತಿದ್ದಾನೆ, ಇಸ್ತ್ರಿ ಮಾಡಿದ ಅಂಗಿ. ಎಜೆ, ಇನ್ನೂ ಹಿಡ್ಕೊಂಡಿದ್ದೀರಾ, ಎಂದು ಅವಳನ್ನೇ ಬೆರಗಿನಿಂದ ಕೇಳುತ್ತಾನೆ, ನಾನು ನೋಡಿ, ಒಂದೇ ಏಟಿಗೆ ಖಾಲಿ. ಹೌದು, ಖಾಲಿ, ಗುಡಿಸಿಟ್ಟ ಕೊಟ್ಟಿಗೆಯ ಹಾಗೆ ಇದ್ದಾನೆ, ತಡೆದುಕೊಂಡವಳ ಹತ್ತಿರ ಮಾತ್ರ ಎಲ್ಲ ಹಾಗೇ ಇದೆ, ಚಳಿಗಾಲಕ್ಕೆ ಉಪ್ಪು ಹಚ್ಚಿ ತೂಗುಹಾಕಿದ ಮಾಂಸದ ಹಾಗೆ, ಕೊಳೆಯುವುದಿಲ್ಲ, ಬಣ್ಣವೂ ಕೆಟ್ಟಿಲ್ಲ. ಜನ ಅವಳನ್ನು ತಾಳ್ಮೆಯವಳು ಎನ್ನುತ್ತಾರೆ, ಮದುವೆಯಲ್ಲಿ ಹೊಸ ಸೊಸೆಯರಿಗೆ ತೋರಿಸುತ್ತಾರೆ, ನೋಡು, ಹೀಗಿರಬೇಕು. ತಾಳ್ಮೆ! ಮನೆಯಲ್ಲಿ ಒಂದೇ ಬಟ್ಟಲು ತೊಳೆಯುವುದು, ಒಂದೇ ಬಟ್ಟಲು ಒರೆಸುವುದು, ರೇಡಿಯೋದಲ್ಲಿ ಹವಾಮಾನ ಹೇಳುವವನಿಗೆ ಹೌದಾ ಎಂದು ಉತ್ತರ ಕೊಡುವುದು. ಕುಡುಕ ಡ್ರೈವರನ ಹೆಂಡತಿಗೆ ಪಾತ್ರ ಕೊಟ್ಟರೆ ಜನ ಗುಸುಗುಸು ಅಂತಾರೆ ಅಂದಾಗ ಈ ಗೂಡಿನ ಕೆಲಸವನ್ನಾದರೂ ಕೊಡಿ ಎಂದು ಹಟ ಹಿಡಿದವನೂ ಸೊರೊನ್‌ಕುಲನೇ, ಹಾಗಾಗಿ ಅವನ ಉಪ್ಪನ್ನು ಅವಳೂ ತಿಂದಿದ್ದಾಳೆ, ಎಲ್ಲ ಕಡೆಯಿಂದಲೂ ಉಪ್ಪು, ಬಾಯಾರಿಕೆ ಮಾತ್ರ ಅವಳಿಗೆ.

ಅಷ್ಟೂ ಇರಲಿ ಎಂದೇ ಇದ್ದಳು, ಎಪ್ಪತ್ತರ ಹಬ್ಬಕ್ಕೆ ಅವನು ಕಾರಾಚ್ ಬೇಡ, ಎಸೆನ್ ಮಾಡ್ತೀನಿ ಎಂದು ಕೂತ, ಮ್ಯಾನೇಜರು ಬೇಡ ಅಂದರು, ಮೊಣಕಾಲು ಬಗ್ಗುವುದಿಲ್ಲ, ಮಾತು ನೆನಪಲ್ಲಿ ನಿಲ್ಲುವುದಿಲ್ಲ, ಅವನು ಕೇಳಲಿಲ್ಲ, ಕಾರಾಚ್‌ನ ಕೂಗಾಟ ಸಾಕಾಯ್ತು, ಆ ಇನ್ನೊಬ್ಬನ್ನ ಒಂದ್ಸಲ ಮಾಡಿ ಸಾಯ್ತೀನಿ, ಬೆಳಿಗ್ಗೆ ಗೋಡೆಯ ಮೇಲೆ ಹಸಿ ಅಂಟಿನ ಭಿತ್ತಿಪತ್ರ, ಅವನ ಮುಖ, ಕೆಳಗೆ ಕೆಂಪಕ್ಷರ, ನಮ್ಮ ರಂಗದ ಮೊದಲ ನಿಜವಾದ ಎಸೆನ್. ಮೊದಲ. ನಿಜವಾದ. ಲಾರಿಯಲ್ಲಿ ಸೊಂಟದಿಂದ ತಳ್ಳಿದ ಹಾಗೆ, ಸರಿ ಆಚೆ, ಮಾರಾಯ. ಪರದೆ ಏಳುವ ಮುಂಚೆ ಅವನೇ ಗೂಡಿನ ಹತ್ತಿರ ಬಂದು ಕಷ್ಟಪಟ್ಟು ಬಗ್ಗಿದ, ಬಣ್ಣದ ವಾಸನೆ, ಜೂರಾ, ಎಲ್ಲಿ ಬೇಕಾದ್ರೂ ನಾನು ಹೇಗೋ ಏನೋ ಕಟ್ಟಿ ಹೇಳ್ಬಿಡ್ತೀನಿ, ಕೊನೇಲಿ ಮಾತ್ರ ಕೈ ಬಿಡ್ಬೇಡ, ಆ ಪದ ನನ್ನ ಬಾಯಲ್ಲಿ ನಿಲ್ಲೋದೇ ಇಲ್ಲ, ಯಾಕೋ, ರಾತ್ರಿಯೆಲ್ಲ ಹೇಳ್ಕೊಂಡೆ, ಬೆಳಿಗ್ಗೆ ಇಲ್ಲ. ಅವಳು ಅಂದಳು, ಬಾಯ್ಕೆ, ನಿಮ್ಮ ಮೀಸೆ ಮಸಿ ಮೂಗಿಗೆ ಮೆತ್ತಿದೆ, ಒರೆಸ್ಕೊಳ್ಳಿ. ಅಣ್ಣ ಎಂದೇ ಕರೆಯುವುದು, ಇಷ್ಟು ವರ್ಷವೂ. ಕೆಚ್ತಿಮ್ ಎಂದು ಅವನು ಅನ್ನಬೇಕಾದರೆ ಅದಕ್ಕೆ ಮುಂಚೆ ಅವಳು ಅನ್ನಬೇಕು, ಅವನ ಮುಖ ನೋಡುತ್ತ, ನಾನು ಬಿಟ್ಟೆ, ಗೂಡಿನಲ್ಲಿ ಕೂತವಳ ಮಾತು ಅವಳ ಮಾತಲ್ಲ, ಕೊಲೆಗಾರನ ಶಪಥ, ಹುಡುಗಿಯ ನಾಚಿಕೆ, ಬೆಕ್‌ನ ಬೈಗುಳ ಎಲ್ಲವನ್ನೂ ಉಸುರಿದ್ದಾಳೆ, ಒಂದೂ ಅಂಟಿಲ್ಲ, ಇದು ಅಂಟುತ್ತದೆ. ಕೊಡುವುದಿಲ್ಲ.

ಈಗ. ಕಾರಾಚ್ ಸತ್ತು ಪಕ್ಕದಲ್ಲಿ ಹೆಣವಾಗಿ ಉಸಿರಾಡುತ್ತಿದ್ದಾನೆ, ಬೆಕ್ ಆಗಿರುವ ತೊಕೊನ್ ದಪ್ಪಗೆ ಅಂಗಾತ ಬಿದ್ದಿದ್ದಾನೆ, ಸೊರೊನ್‌ಕುಲ್ ಅವನ ಎದೆಗೆ ಮೊಣಕಾಲೂರಿದ, ಸಂದಿನಲ್ಲಿ ಏನೋ ಲಟಕ್ಕೆಂದಿತು, ಚೂರಿ ಎತ್ತಿದ, ಉದ್ದದ ಮಾತೆಲ್ಲ ಹೇಗೋ ದಾಟಿದ, ಅಪ್ಪ, ಕುದುರೆ, ಉಪ್ಪು, ತೊಟ್ಟಿಲು, ಆಮೇಲೆ ಬಾಯಿ ತೆರೆಯಿತು. ನಾಲ್ಕು ಹಲ್ಲು, ಹಿಂದೆ ಕತ್ತಲು. ಕಣ್ಣು ಕೆಳಗಿಳಿದು ಗೂಡಿಗೆ ಬಂತು. ಅವಳು ನೋಡಿದಳು, ತುಟಿ ಅಲ್ಲಾಡಿಸಲಿಲ್ಲ. ಸಭೆ ಉಸಿರು ಹಿಡಿಯಿತು, ಇರಲಿ, ಬೆವರಲಿ, ಕ್ಯಾಮೆರಾ ಹತ್ತಿರ ಹೋಗಲಿ, ಮಸಿ ಇಳಿಯುತ್ತಿದೆ, ತೊಕೊನ್ ತುಟಿ ಆಡಿಸದೆ ಕೆಳಗಿನಿಂದ, ಬಾಯ್ಕೆ, ಕೊಲ್ಲೋದಾದ್ರೆ ಕೊಂದ್ಬಿಡಿ, ಪಕ್ಕೆಲುಬು ಹೋಯ್ತು, ಇನ್ನೂ ಇರಲಿ, ಆದರೆ ಇದೇನು ಸದ್ದು, ಹೆಂಗಸರ ಸಾಲಿನಲ್ಲಿ ಮೂಗು, ಮೂರನೆಯ ಸಾಲಿನಲ್ಲಿ ಬಿಕ್ಕಿದವನು ಶಾಮೆನ್, ಆ ಬಿಕ್ಕು ಅವಳು ಬಲ್ಲಳು, ಅಳುತ್ತಿದ್ದಾರೆ, ಮರೆತವನನ್ನು ನೋಡಿ ಮಹಾನಟ ಎಂದು ಅಳುತ್ತಿದ್ದಾರೆ, ಎಸೆನ್ ಎಷ್ಟು ಒದ್ದಾಡುತ್ತಿದ್ದಾನೆ ನೋಡು, ಕೊಲ್ಲಲೂ ಆಗದೆ ಬಿಡಲೂ ಆಗದೆ, ಅವಳು ಇಷ್ಟು ವರ್ಷ ಕಾದಿಟ್ಟದ್ದನ್ನು ಬೀಸಿ ಹೊಡೆದರೆ ಅದು ಹೋಗಿ ಅವನ ಕೊರಳಿಗೆ ಹಾರವಾಗಿ ಬಿತ್ತು, ನಗು ಬಂತು, ನುಂಗಿದಳು. ಅಷ್ಟರಲ್ಲಿ ಆ ತೆರೆದ ಬಾಯೊಳಗೆ ನಾಲಿಗೆ ಎದ್ದಿತು. ಹಿಂದೆ, ಗಂಟಲ ಹತ್ತಿರ. ಕೆ — ಅವಳಿಗೆ ಗೊತ್ತಾಯಿತು, ತನ್ನದೇ ಹಳೆಯ ದಾರಿ ಹಿಡಿದು ಬರುತ್ತಿದೆ, ಕೆಕ್, ಬೀದಿಯ ಕೋಳಿಗಳಿಗೂ ಗೊತ್ತಿದ್ದ ಪದ, ಈಗ ಎಸೆನ್‌ನ ಬಾಯಲ್ಲಿ, ಚಹಾ ಬೇಡ ಅನ್ನುವಂತೆ ಗಂಡ ಹೇಳುತ್ತಿದ್ದ ಜಾಗದಲ್ಲಿ, ಹೊಳೆ ದಾಟೋವಾಗ ಯಾರಾದ್ರೂ ಕೂಗ್ತಾರಾ ಅಂದವನ ಜಾಗದಲ್ಲಿ ಇವನು ಕೂಗುತ್ತಾನೆ, ಓಸ್ಮೊನಾಲಿಯನ್ನು ಇನ್ನೊಂದು ಸಲ ಮುಳುಗಿಸುತ್ತಾನೆ, ತಾನು ಇಲ್ಲಿ ಅವತ್ತಿನ ಹಾಗೆ ಗಾಜಿನ ಹಿಂದೆ ಕೂತು ನೋಡುತ್ತಿರಬೇಕು, ಇಲ್ಲ — ಕೆಚ್, ಎಂದಳು. ಅಷ್ಟೇ. ತಿಮ್ ಸೇರಿಸಲಿಲ್ಲ, ನಾನು ಎಂಬುದು ಇರುವುದು ಆ ಬಾಲದಲ್ಲೇ, ಅದನ್ನು ಅನ್ನಲಿಲ್ಲ, ಮೊದಲ ತುಂಡು ಸಾಕು, ಉಳಿದದ್ದು ತಾನಾಗಿ ಬರುತ್ತದೆ, ಯಾರೂ ತಪ್ಪು ಹೇಳುವ ಹಾಗಿಲ್ಲ, ಗಂಡನ ಪದ ಉಳಿಯಿತು, ತನ್ನದು ತನ್ನ ಹತ್ತಿರವೇ ಉಳಿಯಿತು. ಆ ಕಣ್ಣು ಅವಳ ತುಟಿಯನ್ನು ಹಿಡಿಯಿತು, ನಾಲಿಗೆ ಹಿಂದಿನಿಂದ ಮುಂದಕ್ಕೆ ಬಂತು, ಕೆಚ್, ಎಂದ ಸೊರೊನ್‌ಕುಲ್, ನಿಂತ, ಕೆಚಿರ್, ಎಂದ. ತಿಮ್ ಅಲ್ಲ. ಕೆಚಿರ್, ಕ್ಷಮಿಸು, ಬಸ್ಸಿನಲ್ಲಿ ಕಾಲು ತುಳಿದವರೂ ಅನ್ನುವ ಮಾತು. ಚೂರಿ ಹಿಡಿದವನು ಕೆಳಗೆ ಬಿದ್ದವನಿಗೆ ಯಾಕೆ ಹೇಳುತ್ತಾನೆ, ಹೇಳಿದರೂ ಸಾಕಿದ ಹಿರಿಯನಿಗೆ ಬಹುವಚನ ಹಚ್ಚಿ ಹೇಳಬೇಕು, ಇದು ಒಂಟಿಯಾಗಿ ಬಂತು, ಓರಗೆಯವರಿಗೆ, ಒಟ್ಟಿಗೆ ಲಾರಿಯಲ್ಲಿ ಹೋದವರಿಗೆ ಹೇಳುವ ಹಾಗೆ, ಮೆತ್ತಗೆ. ಸಭೆ ಝಲ್ಲೆಂದಿತು. ನಾಲಿಗೆ ಜಾರಿತೋ, ಅರ್ಧ ಕೊಟ್ಟದ್ದಕ್ಕೆ ಮುದಿ ಬಾಯಿ ಸಿಕ್ಕಿದ ಬಾಲ ಅಂಟಿಸಿತೋ — ಅವನ ದನಿಗಳೆಲ್ಲ ಅವಳಿಗೆ ಗೊತ್ತು, ಸಿಟ್ಟಿನದು, ಕುದುರೆ ಒಂಟಿಯಾಗಿ ಬಂದಾಗಿನದು, ವಿಚಾರಣೆಯವರ ಮುಂದಿನದು, ಬೋರುಮ್ ಬೋರುಮ್ ಎಂದದ್ದು, ಯಾವ ಅಂಕದಲ್ಲಿ ಯಾವುದು ಎಂದು ಬೆನ್ನಿನಿಂದ ಹೇಳಬಲ್ಲಳು, ಇದು ಯಾವ ಅಂಕದ್ದೂ ಅಲ್ಲ, ಈ ದನಿಯನ್ನು ಅವಳು ಕೇಳಿಯೇ ಇಲ್ಲ. ಎಜೆ, ಮುಂದೇನು, ತೊಕೊನ್ ಹಲ್ಲುಕಚ್ಚಿ ಕೇಳುತ್ತಿದ್ದಾನೆ, ಅವಳು ಪುಟಕ್ಕೆ ಬೆರಳಿಟ್ಟಳು, ಕೆಚ್ತಿಮ್ ಆದ ಮೇಲೆ ಪರದೆ, ಕೆಚಿರ್ ಅಂದವನಿಗೆ ಕೊಡಲು ಅದರಲ್ಲಿ ಏನೂ ಬರೆದಿಲ್ಲ, ಮುಖ ಮಾಡಿ ಕೂರಲು ಇಲ್ಲಿ ಗೋಡೆಯೂ ಇಲ್ಲ, ಅವಳ ಮುಖ ಅವನ ಕಡೆಗೇ ಇದೆ, ಅವನು ಚೂರಿ ಬಿಸಾಡುವುದನ್ನು ಮರೆತಿದ್ದಾನೆ, ತೊಕೊನ್‌ನನ್ನು ನೋಡುತ್ತಿಲ್ಲ, ಜನರನ್ನು ನೋಡುತ್ತಿಲ್ಲ, ಕಣ್ಣು ಗೂಡಿನಲ್ಲಿ, ಅವಳ ತುಟಿಯಲ್ಲಿ, ಬಾಯಿ ತೆರೆದೇ ಇದೆ, ನಾಲ್ಕು ಚಿನ್ನದ ಹಲ್ಲು, ಅವುಗಳ ನಡುವೆ ಎಂಜಲಿನ ಒಂದು ಎಳೆ, ಹಿಂದೆ ಕತ್ತಲು, ತೆರೆದ ಬಾಯಿ, ಅವಳು ಕೊಡುವ ಮಾತಿಗೆ ಕಾಯುತ್ತ.